ಮೋಟಾರು ಗಾಡಿಯ ಓಲಾಟವೂ ಹಿಂದಿನ ಸಲಾಕೆಯೂ

ಮೋಟಾರು ಗಾಡಿಯನ್ನಿಟ್ಟುಕೊಂಡವರಲ್ಲಿ ಎರಡು ಬಗೆಯ ಜನರುಂಟು. ಗಾಡಿಯು ತಮ್ಮನ್ನು ಒಂದೂರಿನಿಂದ ಇನ್ನೊಂದೂರಿಗೆ ಕ್ಷೇಮವಾಗಿ ಮುಟ್ಟಿಸಿದರೆ ಸಾಕು, ಅದರ ಹೊಟ್ಟೆಯೊಳಗೆ ಏನಿದೆಯೆಂಬ ಚಿಂತೆ ತಮಗೇಕೆ ಎನ್ನುವವರು ಒಂದು ಬಗೆ. ಕಾರ್ಖಾನೆಯಿಂದ ಬಂದ ಗಾಡಿಯಲ್ಲಿ ಏನೋ ಒಂದು ಕೊರತೆಯನ್ನು ಕಂಡು, ಅದನ್ನು ತಾವೇ ತಿದ್ದಬೇಕೆಂದು ಹವಣಿಸುವವರು ಇನ್ನೊಂದು ಬಗೆ. ಈ ಎರಡನೆಯ ಬಗೆಯವರು, ಅದರಲ್ಲಿಯೂ ತರುಣರು, ಬಹಳವಾಗಿ ಮೆಚ್ಚಿಕೊಂಡಿರುವ ಒಂದು ತಿದ್ದುಪಾಟನ್ನು ಕುರಿತು ಇಲ್ಲಿ ವಿಚಾರಮಾಡಬೇಕೆಂದು ನಮ್ಮ ಉದ್ದೇಶ. ಗಾಡಿಯ ಹಿಂಭಾಗದಲ್ಲಿ, ಎರಡು ಚಕ್ರಗಳ ನಡುವೆ ಅಡ್ಡಲಾಗಿರುವ ಉಕ್ಕಿನ ಸಲಾಕೆಯನ್ನು ತೆಗೆದು, ಅದಕ್ಕಿಂತ ದಪ್ಪನಾದ ಸಲಾಕೆಯನ್ನು ಹಾಕುವುದೇ ಆ ತಿದ್ದುಪಾಟು. ಹೀಗೆ ಮಾಡಿದರೆ ಗಾಡಿಯು ತಿರುವಿನಲ್ಲಿ ಓಲುವುದು ಕಡಮೆಯಾಗುತ್ತದೆ, ಸ್ಟೀರಿಂಗ್ ಚಕ್ರದ ಮಾತನ್ನು ಕೂಡಲೆ ಕೇಳುತ್ತದೆ, ರಸ್ತೆಯನ್ನು ಕಚ್ಚಿಕೊಂಡು ಹೋಗುತ್ತದೆ ಎಂದು ಹೇಳುತ್ತಾರೆ. ಈ ಮೂರು ಮಾತುಗಳಲ್ಲಿ ಮೊದಲನೆಯದು ನಿಜ. ಎರಡನೆಯದು ಬಹುಮಟ್ಟಿಗೆ ನಿಜ. ಮೂರನೆಯದು ಅರ್ಧ ನಿಜ, ಅರ್ಧ ಸುಳ್ಳು. ಆ ಸುಳ್ಳಿನ ಅರ್ಧವನ್ನು ತಿಳಿಯದೆ ಹೋದವರಿಗೆ ಘಟ್ಟದ ಇಳಿಜಾರಿನಲ್ಲಿ, ಮಳೆಯ ದಿನದಲ್ಲಿ, ಪ್ರಾಣಕ್ಕೆ ಸಂಚಕಾರ ಬರಬಹುದು. ಆದಕಾರಣ ವಿಷಯವನ್ನು ಮೂಲದಿಂದ ನೋಡುವುದು ಒಳ್ಳೆಯದು.

ಮೊದಲು ಹೆಸರಿನ ವಿಚಾರ. ಅಮೆರಿಕದವರು ಈ ಉಪಕರಣವನ್ನು ಸ್ವೇ ಬಾರ್ ಎಂದೂ, ಇಂಗ್ಲೆಂಡಿನವರು ಆಂಟಿ-ರೋಲ್ ಬಾರ್ ಎಂದೂ ಕರೆಯುತ್ತಾರೆ. ನಮ್ಮ ಊರುಗಳ ರಿಪೇರಿ ಅಂಗಡಿಗಳಲ್ಲಿ ಸ್ಟೆಬಿಲೈಸರ್ ಬಾರ್ ಎಂದರೆ ಎಲ್ಲರಿಗೂ ಗೊತ್ತು. ಗಾಡಿಯ ಓಲಾಟವನ್ನು ತಡೆಯುವುದೇ ಇದರ ಕೆಲಸವಾದುದರಿಂದ ನಾವು ಇದನ್ನು ಓಲುತಡೆ ಸಲಾಕೆಯೆಂದು, ಮುಂದೆ ಚಿಕ್ಕದಾಗಿ ಸಲಾಕೆಯೆಂದು, ಕರೆಯೋಣ.

ಗಾಡಿಯು ಓಲುವುದೇಕೆ? ಬಸ್ಸಿನಲ್ಲಿ ನಿಂತು ಪ್ರಯಾಣಮಾಡಿದವರಿಗೆಲ್ಲ ಇದರ ಅನುಭವ ಉಂಟು. ಬಸ್ಸು ಬಲಕ್ಕೆ ತಿರುಗಿದಾಗ ನಮ್ಮ ಪಾದಗಳು ಬಸ್ಸಿನೊಡನೆ ಬಲಕ್ಕೆ ಹೋಗುತ್ತವೆ. ಮೇಲಿನ ದೇಹವು ಮೊದಲಿದ್ದ ದಿಕ್ಕಿನಲ್ಲಿಯೇ ನೇರವಾಗಿ ಹೋಗಲೆಳಸುತ್ತದೆ. ಆದುದರಿಂದ ನಾವು ಎಡಕ್ಕೆ ವಾಲುತ್ತೇವೆ. ಗಾಡಿಯ ಸ್ಥಿತಿಯೂ ಹೀಗೆಯೇ. ಅದನ್ನು ತಿರುಗಿಸುವ ಬಲವು ರಸ್ತೆಯ ಮಟ್ಟದಲ್ಲಿ, ಟೈರುಗಳ ಅಡಿಯಲ್ಲಿ, ಹುಟ್ಟುತ್ತದೆ. ಆದರೆ ಗಾಡಿಯ ಭಾರದ ಕೇಂದ್ರವಾದರೋ ರಸ್ತೆಯಿಂದ ಮೇಲೆ, ಸಣ್ಣ ಗಾಡಿಗಳಲ್ಲಿ ಸುಮಾರು ಅರ್ಧ ಮೀಟರು ಎತ್ತರದಲ್ಲಿ, ಇರುತ್ತದೆ. ಈ ಅಂತರದ ಫಲವಾಗಿ ತಿರುವಿನ ಒಳಗಡೆಯ ಚಕ್ರಗಳ ಮೇಲಿನ ಭಾರವು ಸ್ವಲ್ಪ ತಗ್ಗಿ, ಹೊರಗಡೆಯ ಚಕ್ರಗಳ ಮೇಲೆ ಅಷ್ಟೇ ಭಾರವು ಹೆಚ್ಚುತ್ತದೆ. ಹೊರಗಡೆಯ ಸ್ಪ್ರಿಂಗುಗಳು ಕುಗ್ಗುತ್ತವೆ, ಒಳಗಡೆಯವು ಹಿಗ್ಗುತ್ತವೆ. ಗಾಡಿಯ ಒಡಲು ಹೊರಕ್ಕೆ ಓಲುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಗಾಡಿಯ ಭಾರ ೧೦೦೦ ಕಿಲೋಗ್ರಾಂ, ಭಾರಕೇಂದ್ರದ ಎತ್ತರ ೫೦ ಸೆಂಟಿಮೀಟರು, ಎಡಬಲ ಚಕ್ರಗಳ ನಡುವಣ ಅಗಲ ೧೪೦ ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ತಿರುವಿನ ಬಿರುಸಿನಿಂದ ಪಕ್ಕಕ್ಕೆ ತಳ್ಳುವ ಬಲವು ಗಾಡಿಯ ಭಾರದ ಅರ್ಧದಷ್ಟು, ಎಂದರೆ ೫೦೦ ಕಿಲೋಗ್ರಾಂ, ಆಗಿರಲಿ. ೫೦೦ನ್ನು ೫೦ರಿಂದ ಗುಣಿಸಿ ೧೪೦ರಿಂದ ಭಾಗಿಸಿದರೆ ಸುಮಾರು ೧೭೯ ಬರುತ್ತದೆ. ಎಂದರೆ ಒಳಗಡೆಯ ಎರಡು ಚಕ್ರಗಳಿಂದ ಹೊರಗಡೆಯ ಎರಡು ಚಕ್ರಗಳಿಗೆ ೧೭೯ ಕಿಲೋಗ್ರಾಂ ಭಾರವು ವರ್ಗವಾಗುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗಿನ ಮಾತೂ ಇಲ್ಲ, ಸಲಾಕೆಯ ಮಾತೂ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಭಾರ, ಎತ್ತರ, ಅಗಲ, ತಿರುವಿನ ಬಿರುಸು ಈ ನಾಲ್ಕೇ ಭಾರದ ವರ್ಗಾವಣೆಯನ್ನು ನಿರ್ಧರಿಸುತ್ತವೆ. ಓಲಾಟದಿಂದ ಭಾರಕೇಂದ್ರವು ಪಕ್ಕಕ್ಕೆ ಕೊಂಚ ಸರಿಯುವುದರಿಂದ ಬರುವ ವ್ಯತ್ಯಾಸವು ಅಲ್ಪವಾದದ್ದು; ಅದನ್ನು ಬಿಟ್ಟುಬಿಡಬಹುದು. ಸಲಾಕೆ ಎಷ್ಟೇ ದಪ್ಪನಾದದ್ದಾದರೂ ಈ ೧೭೯ ಕಿಲೋಗ್ರಾಮನ್ನು ಕಡಮೆಮಾಡಲಾರದು. ಮುಂದಿನ ವಿಚಾರಕ್ಕೆಲ್ಲ ಇದೇ ತಳಹದಿ.

ಹಾಗಾದರೆ ಸಲಾಕೆ ಮಾಡುವುದೇನು? ಅದರ ಆಕಾರವನ್ನು ಮೊದಲು ಕಣ್ಣಮುಂದೆ ತಂದುಕೊಳ್ಳಬೇಕು. ಗಾಡಿಯ ಅಗಲಕ್ಕೆ ಸರಿಯಾದ ಉದ್ದನೆಯ ನಡುಭಾಗ. ಎರಡು ಕೊನೆಗಳಲ್ಲಿಯೂ ಒಂದೇ ಕಡೆಗೆ ಬಾಗಿದ ಎರಡು ಗಿಡ್ಡ ತೋಳುಗಳು. ನಡುಭಾಗವನ್ನು ರಬ್ಬರಿನ ಬುಷ್‌ಗಳಲ್ಲಿ ಕೂರಿಸಿ ಗಾಡಿಯ ಒಡಲಿಗೆ ಬಿಗಿದಿರುತ್ತಾರೆ. ಅದು ಅಲ್ಲಿ ಹೊರಳಬಲ್ಲದು. ತೋಳುಗಳ ತುದಿಗಳನ್ನು ಸಣ್ಣ ಕೊಂಡಿಗಳ ಮೂಲಕ ಎಡದ ಮತ್ತು ಬಲದ ಚಕ್ರಗಳ ಕಡೆಗೆ ಸೇರಿಸಿರುತ್ತಾರೆ. ಎರಡು ಚಕ್ರಗಳೂ ಒಟ್ಟಿಗೆ ಉಬ್ಬನ್ನು ಹತ್ತಿದರೆ ಎರಡು ತೋಳುಗಳೂ ಒಟ್ಟಿಗೆ ಏಳುತ್ತವೆ. ಸಲಾಕೆಯು ತನ್ನ ಬುಷ್‌ಗಳಲ್ಲಿ ಸುಮ್ಮನೆ ಹೊರಳುತ್ತದೆ. ಯಾವ ತಡೆಯನ್ನೂ ಒಡ್ಡುವುದಿಲ್ಲ. ಆದರೆ ಗಾಡಿ ಓಲಿದಾಗ ಒಂದು ತೋಳು ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋಗಬೇಕಾಗುತ್ತದೆ; ಒದ್ದೆಬಟ್ಟೆಯನ್ನು ಹಿಂಡುವಾಗ ಬಟ್ಟೆ ತಿರುಚಿಕೊಳ್ಳುವಂತೆ ಸಲಾಕೆ ತಿರುಚಿಕೊಳ್ಳಬೇಕಾಗುತ್ತದೆ. ಉಕ್ಕು ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ತನ್ನ ಮೊದಲ ಆಕಾರಕ್ಕೆ ಮರಳುವ ಯತ್ನದಲ್ಲಿ ಅದು ಹೊರಗಡೆಯ ಚಕ್ರವನ್ನು ರಸ್ತೆಗೆ ಒತ್ತುತ್ತದೆ, ಒಳಗಡೆಯ ಚಕ್ರವನ್ನು ರಸ್ತೆಯಿಂದ ಮೇಲಕ್ಕೆತ್ತಲು ನೋಡುತ್ತದೆ. ಇದರಿಂದ ಒಡಲಿನ ಓಲಾಟ ತಗ್ಗುತ್ತದೆ.

ಈ ಉಪಾಯ ಇಂದು ನಿನ್ನೆಯದಲ್ಲ. ಕೆನಡಾ ದೇಶದ ಫ್ರೆಡರಿಕ್ಟನ್ ಪಟ್ಟಣದ ಸ್ಟೀಫನ್ ಕೋಲ್ಮನ್ ಎಂಬಾತನಿಗೆ ೧೯೧೯ನೆಯ ಏಪ್ರಿಲ್ ತಿಂಗಳಿನಲ್ಲಿಯೇ ಇದಕ್ಕೆ ಪೇಟೆಂಟು ದೊರೆಯಿತು. ಆದರೆ ಆಗಿನ ಗಾಡಿಗಳಿಗೆ ಇದರ ಅವಶ್ಯಕತೆ ಅಷ್ಟಾಗಿ ತೋರಲಿಲ್ಲ. ಅವುಗಳ ಪಟ್ಟಿಕಮಾನುಗಳು ಬಹಳ ಬಿಗಿಯಾದವು, ಅವು ಓಲುವುದಕ್ಕಿಂತ ಕುಲುಕುವುದೇ ಹೆಚ್ಚು. ಕೂತವರ ಸುಖಕ್ಕಾಗಿ ಸ್ಪ್ರಿಂಗುಗಳನ್ನು ಮೆದುಮಾಡಬೇಕೆಂಬ ಯತ್ನ ೧೯೩೦ರ ದಶಕದಲ್ಲಿ ಬಲವಾಯಿತು. ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಸಂಸ್ಥೆಯಿಂದ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಗೆ ಹೋದ ಮಾರಿಸ್ ಆಲಿ ಎಂಬ ಎಂಜಿನಿಯರು ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯನು. ೧೯೩೪ರ ಮಾದರಿಯ ಅಮೆರಿಕದ ಗಾಡಿಗಳಲ್ಲಿ ಮುಂದಿನ ಎರಡು ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏರಿಳಿಯುವ ಏರ್ಪಾಡು ಬಂದಿತು. ಸುಖ ಹೆಚ್ಚಿತು, ಅದರೊಡನೆ ಓಲಾಟವೂ ಹೆಚ್ಚಿತು. ಸ್ಪ್ರಿಂಗುಗಳನ್ನು ಮೆತ್ತಗೆ ಇಟ್ಟು ಓಲಾಟವನ್ನು ಮಾತ್ರ ತಡೆಯುವ ಸಾಧನ ಬೇಕಾದಾಗ ಈ ಸಲಾಕೆ ನೆರವಿಗೆ ಬಂದಿತು. ೧೯೫೦ರಿಂದೀಚೆಗೆ ಅದು ಸಾಮಾನ್ಯ ಗಾಡಿಗಳಲ್ಲಿಯೂ ಬಳಕೆಗೆ ಬಂದಿದೆ.

ದಪ್ಪಸಲಾಕೆಯ ಶಕ್ತಿ ಎಷ್ಟು ಹೆಚ್ಚುತ್ತದೆಯೆಂಬುದು ಕೇಳುವವರನ್ನು ಬೆರಗುಗೊಳಿಸತಕ್ಕ ವಿಷಯ. ಉರುಟಾದ ಸಲಾಕೆಯನ್ನು ತಿರುಚಲು ಬೇಕಾದ ಬಲವು ಅದರ ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಎಂದರೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಬಂದ ವರ್ಗವನ್ನು ಮತ್ತೆ ವರ್ಗಮಾಡಿದರೆ ಬರುವ ಸಂಖ್ಯೆಯನ್ನು. ವ್ಯಾಸ ಇಮ್ಮಡಿಯಾದರೆ ಬಿಗಿ ಹದಿನಾರು ಪಾಲಾಗುತ್ತದೆ. ೨೦ ಮಿಲಿಮೀಟರಿನ ಸಲಾಕೆಯ ಬದಲು ೨೨ ಮಿಲಿಮೀಟರಿನದನ್ನು ಹಾಕಿದರೆ ದಪ್ಪ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲು; ಬಿಗಿ ಹೆಚ್ಚಿದ್ದು ನೂರಕ್ಕೆ ೪೬ ಪಾಲು. ೧೬ ಮಿಲಿಮೀಟರಿನದನ್ನು ತೆಗೆದು ೧೯ ಮಿಲಿಮೀಟರಿನದನ್ನು ಹಾಕಿದರೆ ಬಿಗಿ ಹೆಚ್ಚುಕಡಮೆ ಎರಡರಷ್ಟಾಗುತ್ತದೆ. ಕಣ್ಣಿಗೆ ಕಿರುಬೆರಳಿನ ಉಗುರಿನ ದಪ್ಪದ ವ್ಯತ್ಯಾಸವೂ ಕಾಣದಿರಬಹುದು. ಚಕ್ರಗಳಿಗೆ ಅದು ಬೇರೊಂದು ಗಾಡಿಯನ್ನೇ ಕೊಟ್ಟಂತೆ. ತೋಳಿನ ಉದ್ದವೂ ಗಣನೆಗೆ ಬರುತ್ತದೆ: ತೋಳು ಗಿಡ್ಡವಾದಷ್ಟೂ ಸಲಾಕೆ ಬಿಗಿ. ಅಂಗಡಿಯಲ್ಲಿ ಮಾರುವ ಸಲಾಕೆಗಳ ತೋಳಿನಲ್ಲಿ ಎರಡು ಮೂರು ತೂತುಗಳನ್ನು ಕೊರೆದಿರುವುದು ಇದಕ್ಕಾಗಿಯೇ. ಕೊಂಡಿಯನ್ನು ಹೊರತುದಿಯ ತೂತಿಗೆ ಸೇರಿಸಿದರೆ ಮೆದು, ಒಳಗಣ ತೂತಿಗೆ ಸೇರಿಸಿದರೆ ಬಿಗಿ.

ಈಗ ನಾವು ವಿಷಯದ ಹೃದಯಕ್ಕೆ ಬಂದೆವು. ವರ್ಗವಾಗುವ ಒಟ್ಟು ಭಾರವನ್ನು ಸಲಾಕೆ ಬದಲಾಯಿಸಲಾರದೆಂದು ಹೇಳಿದೆವಷ್ಟೆ. ಆದರೆ ಆ ಒಟ್ಟಿನಲ್ಲಿ ಮುಂದಿನ ಅಚ್ಚಿನ ಪಾಲೆಷ್ಟು, ಹಿಂದಿನ ಅಚ್ಚಿನ ಪಾಲೆಷ್ಟು ಎಂಬುದನ್ನು ಅದು ಬದಲಾಯಿಸಬಲ್ಲದು. ಓಲಾಟಕ್ಕೆ ಯಾವ ಅಚ್ಚು ಹೆಚ್ಚು ಬಿಗಿಯಾಗಿ ನಿಲ್ಲುತ್ತದೆಯೋ ಆ ಅಚ್ಚಿನಲ್ಲಿಯೇ ಒಳಚಕ್ರದಿಂದ ಹೊರಚಕ್ರಕ್ಕೆ ಹೆಚ್ಚು ಭಾರ ವರ್ಗವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ, ಮೊದಲು ಮುಂದೆ ೧೦೯ ಕಿಲೋಗ್ರಾಮೂ ಹಿಂದೆ ೭೦ ಕಿಲೋಗ್ರಾಮೂ ವರ್ಗವಾಗುತ್ತಿದ್ದರೆ, ಹಿಂದಿನ ಸಲಾಕೆಯನ್ನು ದಪ್ಪಮಾಡಿದ ಮೇಲೆ ಮುಂದೆ ೮೯, ಹಿಂದೆ ೯೦ ಆಗಬಹುದು. ಒಟ್ಟು ಅದೇ ೧೭೯. ಮುಂದಿನ ಚಕ್ರಗಳ ಹೊರೆಯೊಂದನ್ನು ಹಿಂದಿನ ಚಕ್ರಗಳು ತಮ್ಮ ತಲೆಯ ಮೇಲೆ ಹೊತ್ತುಕೊಂಡಂತಾಯಿತು.

ಇದರಿಂದ ಏನಾಗುತ್ತದೆ? ಇಲ್ಲಿ ಟೈರಿನ ಒಂದು ಗುಣವನ್ನು ತಿಳಿಯಬೇಕು. ಟೈರಿನ ಮೇಲೆ ಭಾರ ಹೆಚ್ಚಿದಂತೆ ಅದರ ಹಿಡಿತವೂ ಹೆಚ್ಚುತ್ತದೆ; ಆದರೆ ಭಾರದಷ್ಟೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಸ್ವಲ್ಪ ಹಿಂದುಳಿಯುತ್ತದೆ. ಪಲ್ಲಕ್ಕಿಯನ್ನು ಹೊರುವ ಇಬ್ಬರು ಆಳುಗಳನ್ನು ನೆನೆಯೋಣ. ಇಬ್ಬರೂ ಸಮನಾಗಿ ಹೊತ್ತರೆ ಹೊರೆ ಸಲೀಸಾಗಿ ಸಾಗುತ್ತದೆ. ಒಬ್ಬನು ಹೆಗಲನ್ನು ತಗ್ಗಿಸಿ ಇನ್ನೊಬ್ಬನ ಮೇಲೆಯೇ ಭಾರವೆಲ್ಲ ಬಿದ್ದರೆ, ಹೊರೆಯ ತೂಕ ಅಷ್ಟೇ ಆದರೂ ಇಬ್ಬರ ಒಟ್ಟು ಕೆಲಸ ಕುಂದುತ್ತದೆ. ಟೈರುಗಳೂ ಹಾಗೆಯೆ. ತಿಳಿವಳಿಕೆಗಾಗಿ ಕಲ್ಪಿತವಾದ ಅಂಕಿಗಳನ್ನು ತೆಗೆದುಕೊಳ್ಳೋಣ. ಒಂದು ಅಚ್ಚಿನ ಮೇಲೆ ೪೦೦ ಕಿಲೋಗ್ರಾಂ ಭಾರವಿದ್ದು ಎರಡು ಟೈರುಗಳೂ ೨೦೦ರಂತೆ ಹೊತ್ತಾಗ ಒಂದೊಂದರ ಹಿಡಿತ ೧೯೦, ಒಟ್ಟು ೩೮೦ ಎಂದಿರಲಿ. ಒಳಗಿನದರಿಂದ ಹೊರಗಿನದಕ್ಕೆ ೮೦ ಕಿಲೋಗ್ರಾಂ ವರ್ಗವಾಗಿ ೧೨೦ ಮತ್ತು ೨೮೦ ಆದರೆ ಹಿಡಿತಗಳು ೧೧೯ ಮತ್ತು ೨೫೫, ಒಟ್ಟು ೩೭೪ ಆಗುತ್ತದೆ. ೧೬೦ ಕಿಲೋಗ್ರಾಂ ವರ್ಗವಾಗಿ ೪೦ ಮತ್ತು ೩೬೦ ಆದರೆ ಹಿಡಿತಗಳು ೪೧ ಮತ್ತು ೩೧೩, ಒಟ್ಟು ೩೫೪ಕ್ಕೆ ಇಳಿಯುತ್ತದೆ. ಮೊದಲ ಸಲ ನಷ್ಟವಾದದ್ದು ೬, ಎರಡನೆಯ ಸಲ ೨೬. ವರ್ಗವಾದ ಭಾರ ಇಮ್ಮಡಿಯಾದರೆ ನಷ್ಟವು ಸುಮಾರು ನಾಲ್ಮಡಿಯಾಗುತ್ತದೆ.

ಆದುದರಿಂದ ಹಿಂದಿನ ಸಲಾಕೆಯನ್ನು ದಪ್ಪಮಾಡಿದವನು ಹೊಸದಾಗಿ ಹಿಡಿತವನ್ನು ಕೊಂಡು ತಂದಿಲ್ಲ. ಹಿಂದಿನ ಟೈರುಗಳ ಹಿಡಿತದಲ್ಲಿ ಒಂದಿಷ್ಟನ್ನು ಕಳೆದು, ಅದಕ್ಕೆ ಪ್ರತಿಯಾಗಿ ಮುಂದಿನ ಟೈರುಗಳ ಹಿಡಿತದಲ್ಲಿ ಒಂದಿಷ್ಟನ್ನು ಪಡೆದಿದ್ದಾನೆ. ಬಲಗಡೆಯ ಜೇಬಿನ ಹಣವನ್ನು ಎಡಗಡೆಯ ಜೇಬಿಗೆ ಹಾಕಿಕೊಂಡಂತೆ ಇದು. ಎಡಗಡೆಯ ಜೇಬು ಬರಿದಾಗಿದ್ದವನಿಗೆ ಇದರಿಂದ ಉಪಕಾರವಾದೀತು. ಬಲಗಡೆಯ ಜೇಬಿನಲ್ಲಿಯೇ ಕೊರತೆಯಿದ್ದವನಿಗೆ ಅಪಕಾರವೇ ಸರಿ. ಯಾವ ಗಾಡಿಯ ಯಾವ ಜೇಬು ಬರಿದಾಗಿದೆಯೆಂಬುದನ್ನು ತಿಳಿದು ತಿದ್ದುವುದೇ ಜಾಣತನ.

ಎಂಜಿನನ್ನೂ, ಗಾಡಿಯನ್ನು ನಡೆಸುವ ಚಕ್ರಗಳನ್ನೂ ಮುಂದಿಟ್ಟುಕೊಂಡ ಗಾಡಿಗಳಲ್ಲಿ ಬರಿದಾಗಿರುವುದು ಮುಂದಿನ ಜೇಬು. ೧೯೫೯ರಲ್ಲಿ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರು ಇಂಗ್ಲೆಂಡಿನಲ್ಲಿ ರೂಪಿಸಿದ ಮಿನಿ ಎಂಬ ಪುಟ್ಟ ಗಾಡಿಯಿಂದ ಈ ಕ್ರಮ ಲೋಕಪ್ರಿಯವಾಯಿತು. ನಮ್ಮ ದೇಶದಲ್ಲಿ ೧೯೮೩ರಲ್ಲಿ ಬಂದ ಮಾರುತಿ ೮೦೦ ಗಾಡಿಯೂ ಇದೇ ಜಾತಿಯದು. ಇಂಥ ಗಾಡಿಯ ಭಾರದಲ್ಲಿ ಸುಮಾರು ಹತ್ತಕ್ಕೆ ಆರು ಪಾಲು ಮುಂದಿನ ಚಕ್ರಗಳ ಮೇಲಿರುತ್ತದೆ. ಆ ಚಕ್ರಗಳೇ ಗಾಡಿಯನ್ನು ಎಳೆಯಬೇಕು, ಅವೇ ತಿರುಗಿಸಬೇಕು. ತಿರುವಿನಲ್ಲಿ ವೇಗ ಹೆಚ್ಚಾದರೆ ಅವು ಮೊದಲು ಸೋಲುತ್ತವೆ. ಸ್ಟೀರಿಂಗನ್ನು ಎಷ್ಟು ತಿರುಗಿಸಿದರೂ ಗಾಡಿಯ ಮೂತಿಯು ತಿರುವಿನ ಹೊರಗಡೆಗೇ ಸಾಗುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಅಂಡರ್‌ಸ್ಟಿಯರ್ ಎನ್ನುತ್ತಾರೆ. ನಾವು ಮುಂಜಾರು ಎನ್ನಬಹುದು. ಹಿಂದಿನ ಚಕ್ರಗಳು ಮೊದಲು ಸೋತು ಗಾಡಿಯ ಬಾಲವು ಹೊರಕ್ಕೆ ಬೀಸಿದರೆ ಅದು ಓವರ್‌ಸ್ಟಿಯರ್. ನಮ್ಮ ಮಾತಿನಲ್ಲಿ ಹಿಂಜಾರು. ಹಿಂದಿನ ಸಲಾಕೆಯನ್ನು ದಪ್ಪಮಾಡಿದರೆ ಮುಂಜಾರು ತಗ್ಗುತ್ತದೆ, ಮೂತಿ ಚುರುಕಾಗಿ ತಿರುಗುತ್ತದೆ. ತಿರುವಿನಲ್ಲಿ ಹಿಂದಿನ ಒಳಚಕ್ರವು ನೆಲವನ್ನು ಬಿಟ್ಟು ಮೇಲೆದ್ದರೂ, ಅದು ಗಾಡಿಯನ್ನು ನಡೆಸುವ ಚಕ್ರವಲ್ಲವಾದ್ದರಿಂದ ಎಳೆತಕ್ಕೆ ಲೋಪವಿಲ್ಲ. ಓಟದ ಪಂದ್ಯಗಳಲ್ಲಿ ಇಂಥ ಗಾಡಿಗಳು ಮೂರು ಚಕ್ರಗಳ ಮೇಲೆ ಓಡುವ ಚಿತ್ರಗಳನ್ನು ಹಲವರು ನೋಡಿರಬಹುದು. ಹಿಂದಿನ ಚಕ್ರಗಳೇ ನಡೆಸುವ ಗಾಡಿಯಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಒಳಚಕ್ರ ಹಗುರವಾದರೆ ಅದು ನಿಂತಲ್ಲೇ ಗಿರ್ರನೆ ಸುತ್ತಿ ಎಳೆತವು ಸೋರಿಹೋಗುತ್ತದೆ.

ಹೀಗಿರಲು ಒಂದು ಪ್ರಶ್ನೆ ಏಳುತ್ತದೆ. ಹಿಂದಿನ ಸಲಾಕೆ ದಪ್ಪವಾಗಿದ್ದರೆ ಇಷ್ಟು ಚೆನ್ನಾಗಿರುವಾಗ ಕಾರ್ಖಾನೆಯವರೇ ಅದನ್ನೇಕೆ ಹಾಕಿ ಕಳುಹಿಸಲಿಲ್ಲ? ನಮ್ಮ ವಿದ್ಯಾರ್ಥಿಗಳು ಇದಕ್ಕೆ, ಅವರು ಹಣವನ್ನು ಉಳಿಸಿದರು ಎಂದು ಥಟ್ಟನೆ ಉತ್ತರ ಹೇಳುವುದುಂಟು. ಉತ್ತರದಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಮುಖ್ಯವಾದ ಕಾರಣ ಬೇರೆ. ಮುಂಜಾರನ್ನು ಅವರು ಬೇಕೆಂದೇ ಇಟ್ಟಿದ್ದಾರೆ. ಮೂತಿ ಹೊರಕ್ಕೆ ಜಾರಿದಾಗ ಹೆದರಿದ ಮನುಷ್ಯನು ಸಹಜವಾಗಿ ಏನು ಮಾಡುತ್ತಾನೆ? ವೇಗದ ಪೆಡಲಿನಿಂದ ಕಾಲನ್ನು ತೆಗೆಯುತ್ತಾನೆ. ಭಾರವು ಮುಂದಕ್ಕೆ ಬಾಗುತ್ತದೆ, ಮುಂದಿನ ಟೈರುಗಳಿಗೆ ಹಿಡಿತ ಮರಳುತ್ತದೆ, ವೇಗ ತಗ್ಗುತ್ತದೆ, ಗಾಡಿ ದಾರಿಗೆ ಬರುತ್ತದೆ. ಭಯಪಟ್ಟವನ ಸಹಜವಾದ ಕ್ರಿಯೆಯೇ ಅವನನ್ನು ಕಾಪಾಡುತ್ತದೆ. ಬಾಲ ಜಾರಿದಾಗಲಾದರೋ ಅದೇ ಕ್ರಿಯೆ ಅವನಿಗೆ ಶತ್ರುವಾಗುತ್ತದೆ. ಕಾಲನ್ನು ತೆಗೆದೊಡನೆ ಹಿಂದಿನ ಚಕ್ರಗಳ ಭಾರ ಇನ್ನಷ್ಟು ಕಡಮೆಯಾಗಿ, ಬಾಲವು ಇನ್ನಷ್ಟು ಬೀಸಿ, ಗಾಡಿಯು ಬುಗುರಿಯಂತೆ ತಿರುಗಿಬಿಡಬಹುದು. ಜಾರಿದ ದಿಕ್ಕಿಗೆ ಸ್ಟೀರಿಂಗನ್ನು ತಿರುಗಿಸಿ, ಕಾಲನ್ನು ಗಾಬರಿಯಿಲ್ಲದೆ ಆಡಿಸುವ ವಿದ್ಯೆಯನ್ನು ಅಭ್ಯಾಸಮಾಡಿದವನೇ ಅಲ್ಲಿ ಪಾರಾಗಬಲ್ಲವನು. ಆ ವಿದ್ಯೆ ನೂರರಲ್ಲಿ ಎಷ್ಟು ಜನಕ್ಕೆ ಉಂಟು?

ಅಮೆರಿಕದ ಷೆವ್ರೊಲೆ ಕೊರ್ವೇರ್ ಗಾಡಿಯ ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ೧೯೬೦ರ ಮಾದರಿಯಾಗಿ ಬಂದ ಆ ಗಾಡಿಯ ಎಂಜಿನ್ ಹಿಂಭಾಗದಲ್ಲಿತ್ತು. ಭಾರದಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಹಿಂದಿನ ಚಕ್ರಗಳ ಮೇಲಿತ್ತು. ಆ ಚಕ್ರಗಳನ್ನು ಕೂರಿಸಿದ್ದ ಕ್ರಮದಲ್ಲಿ ಬಿರುಸಾದ ತಿರುವಿನಲ್ಲಿ ಚಕ್ರವು ಒಳಕ್ಕೆ ಮಡಿಚಿಕೊಳ್ಳುವ ಸಂಭವವಿತ್ತು. ಎಂದರೆ ಹಿಂಜಾರು ಅದರ ಹುಟ್ಟುಗುಣ. ಮುಂದೆ ಒಂದು ಸಲಾಕೆಯಿದ್ದಿದ್ದರೆ ವರ್ಗವಾಗುವ ಭಾರದ ಹೆಚ್ಚಿನ ಪಾಲನ್ನು ಮುಂದಿನ ಅಚ್ಚು ಹೊತ್ತು ಹಿಂದಿನ ಟೈರುಗಳನ್ನು ಉಳಿಸುತ್ತಿತ್ತು. ಆದರೆ ಮೊದಲ ವರ್ಷಗಳಲ್ಲಿ ಸಾಮಾನ್ಯ ಗಾಡಿಗೆ ಆ ಸಲಾಕೆಯನ್ನು ಹಾಕಿರಲಿಲ್ಲ. ಅದರ ಬದಲು ಮುಂದಿನ ಟೈರುಗಳಲ್ಲಿ ಹಿಂದಿನವಕ್ಕಿಂತ ಬಹಳ ಕಡಮೆ ಗಾಳಿಯನ್ನು ಇಡಬೇಕೆಂದು ಸೂಚಿಸಿದ್ದರು; ಗಾಡಿಯನ್ನು ಕೊಂಡವರಲ್ಲಿ ಅದನ್ನು ಅನುಸರಿಸದವರು ಇದ್ದೇ ಇರುತ್ತಾರಷ್ಟೆ. ೧೯೬೪ರ ಮಾದರಿಯಲ್ಲಿ ಮುಂದಿನ ಸಲಾಕೆ ಎಲ್ಲ ಗಾಡಿಗಳಿಗೂ ಬಂದಿತು. ೧೯೬೫ರಲ್ಲಿ ಹಿಂದಿನ ಚಕ್ರಗಳ ಏರ್ಪಾಡನ್ನೇ ಬದಲಾಯಿಸಿದರು. ಅದೇ ೧೯೬೫ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲನು ಪ್ರಕಟಿಸಿದ ಗ್ರಂಥದ ಮೊದಲ ಅಧ್ಯಾಯಕ್ಕೆ ಈ ಗಾಡಿಯೇ ವಿಷಯವಾಗಿ, ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಅದೇ ಕಾಲದ ಇತರ ಗಾಡಿಗಳೊಡನೆ ಹೋಲಿಸಿದರೆ ಇದು ವಿಶೇಷವಾಗಿ ಅಪಾಯಕಾರಿಯಲ್ಲವೆಂದು ೧೯೭೨ರಲ್ಲಿ ಪ್ರಕಟವಾದ ಅಮೆರಿಕ ಸರ್ಕಾರದ ವರದಿ ಹೇಳಿತು. ವಿವಾದ ಹೇಗೇ ಇರಲಿ, ಒಂದು ವಿಷಯ ನಿಸ್ಸಂದೇಹವಾದದ್ದು: ಯಾವ ಅಚ್ಚಿನಲ್ಲಿ ಸಲಾಕೆಯಿದೆ, ಯಾವ ಅಚ್ಚಿನಲ್ಲಿ ಇಲ್ಲ ಎಂಬುದು ಗಾಡಿಯ ಸ್ವಭಾವವನ್ನೇ ತಿದ್ದಬಲ್ಲದು. ಅಲ್ಲಿ ಮುಂದಿನ ಸಲಾಕೆ ಮಾಡಿದ ಕೆಲಸವನ್ನು ನಮ್ಮ ತರುಣರು ಹಿಂದಿನ ಸಲಾಕೆಯಿಂದ ತಿರುವುಮುರುವಾಗಿ ಮಾಡುತ್ತಾರೆ.

ಈಗ ನಮ್ಮ ಸೀಮೆಯ ದಾರಿಗಳಿಗೆ ಬರೋಣ. ಮಳೆಗೆ ಹೆಸರಾದ ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಇಳಿಯುವ ಘಟ್ಟದಲ್ಲಿ ೧೪ ಕಡಿದಾದ ತಿರುವುಗಳಿವೆ. ಮೇಲೆ ಹೇಳಿದ ೧೦೦೦ ಕಿಲೋಗ್ರಾಮಿನ ಗಾಡಿ ಅಂಥ ದಾರಿಯಲ್ಲಿ ಇಳಿಯುತ್ತಿದೆಯೆಂದು ಭಾವಿಸೋಣ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ೨೪೦ ಸೆಂಟಿಮೀಟರು ಅಂತರ. ಹಿಂದಿನ ಅಚ್ಚಿನ ಮೇಲೆ ಮಟ್ಟವಾದ ನೆಲದಲ್ಲಿ ೪೦೦ ಕಿಲೋಗ್ರಾಂ ಭಾರ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ, ಗಾಡಿಯ ವೇಗವನ್ನು ತಗ್ಗಿಸಲು ಸಾಧಾರಣವಾದ ಬಿರುಸಿನಿಂದ ಬ್ರೇಕು ಒತ್ತಿದರೆ, ಇಳಿಜಾರು ಬ್ರೇಕು ಎರಡರಿಂದಲೂ ಸೇರಿ ಸುಮಾರು ೮೩ ಕಿಲೋಗ್ರಾಂ ಭಾರ ಹಿಂದಿನ ಅಚ್ಚಿನಿಂದ ಮುಂದಿನದಕ್ಕೆ ಹೋಗುತ್ತದೆ. ಹಿಂದೆ ಉಳಿಯುವುದು ೩೧೭. ತಿರುವಿನ ಒಳಗೇ ಬ್ರೇಕು ಒತ್ತಿದ್ದಾದರೆ, ಈ ಬಡವಾದ ಅಚ್ಚಿನಲ್ಲಿ ದಪ್ಪಸಲಾಕೆಯು ಒಳಚಕ್ರದ ಭಾರವನ್ನು ಇನ್ನೂ ಕಿತ್ತು ಹೊರಚಕ್ರದ ಮೇಲೆ ಹಾಕುತ್ತದೆ. ರಸ್ತೆ ಒಣಗಿದ್ದರೆ ಪಾರಾಗಬಹುದು. ಮಳೆ ಬಿದ್ದು, ಎಲೆಯೂ ಕೆಸರೂ ಹರಡಿದ್ದರೆ, ಹಿಡಿತವೇ ಅಲ್ಪವಾಗಿರುವ ಕಡೆ ಈ ಕಡಿತವನ್ನು ತಡೆದುಕೊಳ್ಳುವ ಶಕ್ತಿ ಹಿಂದಿನ ಟೈರುಗಳಿಗೆ ಎಲ್ಲಿಂದ ಬರಬೇಕು? ಓಟದ ಪಂದ್ಯದವರು ಮಳೆ ಬಂದೊಡನೆ ಸಲಾಕೆಗಳನ್ನು ಮೆದುಮಾಡಿಕೊಳ್ಳುವುದು ವಾಡಿಕೆ. ಅವರಿಗೆ ದಾರಿಯ ಪಕ್ಕದಲ್ಲಿ ಅದಕ್ಕೆ ತಕ್ಕ ಆಳುಗಳಿರುತ್ತಾರೆ. ಕುಟುಂಬದೊಡನೆ ಹೊರಟ ಗೃಹಸ್ಥನಿಗೆ ಆ ಅನುಕೂಲವಿಲ್ಲ.

ಇದಲ್ಲದೆ ಮನಸ್ಸಿಗೆ ಸಂಬಂಧಪಟ್ಟ ಒಂದು ಅಪಾಯವೂ ಉಂಟು. ಗಾಡಿಯ ಓಲಾಟವು ನಡೆಸುವವನಿಗೆ ಒಂದು ಎಚ್ಚರಿಕೆ. ಮೈ ವಾಲಿದಾಗ, ಪಕ್ಕದಲ್ಲಿ ಕುಳಿತವರು ಬಾಗಿಲ ಹಿಡಿಯನ್ನು ಹಿಡಿದುಕೊಂಡಾಗ, ವೇಗ ಹೆಚ್ಚಾಯಿತೆಂದು ಅವನಿಗೆ ತಿಳಿಯುತ್ತದೆ. ಓಲಾಟ ತಗ್ಗಿದ ಗಾಡಿಯಲ್ಲಿ ಈ ಎಚ್ಚರಿಕೆ ತಡವಾಗಿ ಬರುತ್ತದೆ. ಆದರೆ ಟೈರುಗಳ ಹಿಡಿತದ ಮಿತಿ ದೂರ ಸರಿದಿರುವುದಿಲ್ಲ. ಮಿತಿ ಅಲ್ಲೇ ಇದ್ದು, ಅದರ ಹತ್ತಿರಕ್ಕೆ ಬಂದೆವೆಂಬ ಅರಿವು ಮಾತ್ರ ಮಂಕಾದರೆ, ಅದನ್ನು ಲಾಭವೆನ್ನುವುದು ಹೇಗೆ? ೧೯೯೫ರಿಂದ ಬಳಕೆಗೆ ಬಂದ, ಗಾಡಿ ಜಾರತೊಡಗಿದಾಗ ಒಂದೊಂದು ಚಕ್ರದ ಬ್ರೇಕನ್ನು ಬೇರೆಬೇರೆಯಾಗಿ ಒತ್ತಿ ದಾರಿಗೆ ತರುವ ವಿದ್ಯುದ್ಯಂತ್ರ ಇದಕ್ಕೆ ತಕ್ಕಮಟ್ಟಿನ ಪರಿಹಾರವಾಗಿದೆ. ಆದರೆ ಅದೂ ಟೈರಿನ ಹಿಡಿತವನ್ನು ಬಳಸಿಯೇ ಕೆಲಸಮಾಡಬೇಕಾದದ್ದು. ಇಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು.

ಇಷ್ಟು ಹೇಳಿದುದರಿಂದ ಹಿಂದಿನ ಸಲಾಕೆಯನ್ನು ಯಾರೂ ಮುಟ್ಟಕೂಡದೆಂದು ನಮ್ಮ ಅಭಿಪ್ರಾಯವಲ್ಲ. ಮುಂಜಾರು ಬಹಳವಾಗಿರುವ ಗಾಡಿಗೆ ಅಳತೆಯರಿತು ಹಾಕಿದ ಸಲಾಕೆ ನಿಜವಾಗಿಯೂ ಒಳ್ಳೆಯ ತಿದ್ದುಪಾಟು. ಆದರೆ ಅದಕ್ಕೆ ಮೊದಲು ನೋಡಬೇಕಾದ ಕೆಲವು ವಿಷಯಗಳಿವೆ. ಟೈರುಗಳ ಗಾಳಿ ಸರಿಯಾಗಿದೆಯೇ, ಮುಂದಿನ ಟೈರುಗಳು ಸವೆದಿವೆಯೇ, ಷಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಸೋರಿದೆಯೇ, ಈಗಿರುವ ಸಲಾಕೆಯ ಬುಷ್‌ಗಳೂ ಕೊಂಡಿಗಳೂ ಸಡಿಲವಾಗಿವೆಯೇ ಎಂದು ಪರೀಕ್ಷಿಸಬೇಕು. ಗಾಡಿ ಮಾತು ಕೇಳುವುದಿಲ್ಲವೆಂದು ದೂರುವವರಲ್ಲಿ ಅನೇಕರಿಗೆ ಬೇಕಾದದ್ದು ದಪ್ಪಸಲಾಕೆಯಲ್ಲ, ಹೊಸ ಬುಷ್‌ಗಳು. ಎರಡೇ ಹೊಸ ಟೈರುಗಳನ್ನು ಕೊಂಡರೆ ಅವನ್ನು ಹಿಂದಕ್ಕೆ ಹಾಕಬೇಕೆಂದು ತಿಳಿದವರು ಹೇಳುವುದೂ ಹಿಂಜಾರಿನ ಭಯದಿಂದಲೇ. ಹಿಂದೆ ಸವೆದ ಟೈರುಗಳನ್ನಿಟ್ಟುಕೊಂಡು ಅಲ್ಲಿಯೇ ದಪ್ಪಸಲಾಕೆಯನ್ನೂ ಹಾಕುವುದು ಎರಡು ಕಡೆಯಿಂದಲೂ ಒಂದೇ ಹಗ್ಗವನ್ನು ಕೊಯ್ದಂತೆ.

ಗಾಡಿಯ ಕಟ್ಟಣೆಯನ್ನೂ ತಿಳಿದಿರಬೇಕು. ಇಂದಿನ ಸಣ್ಣ ಗಾಡಿಗಳಲ್ಲಿ ಅನೇಕಕ್ಕೆ ಹಿಂದೆ ಪ್ರತ್ಯೇಕವಾದ ಸಲಾಕೆಯೇ ಇರುವುದಿಲ್ಲ. ೧೯೭೪ರ ಫೋಕ್ಸ್‌ವ್ಯಾಗನ್ ಗಾಲ್ಫ್ ಗಾಡಿಯಿಂದ ಪ್ರಚಾರಕ್ಕೆ ಬಂದ ಏರ್ಪಾಡಿನಲ್ಲಿ, ಎರಡು ಹಿಂಚಕ್ರಗಳನ್ನು ಸೇರಿಸುವ ಅಡ್ಡತೊಲೆಯೇ ತಿರುಚಿಕೊಂಡು ಸಲಾಕೆಯ ಕೆಲಸವನ್ನು ಮಾಡುತ್ತದೆ. ಅಂಥ ತೊಲೆಗೆ ಇನ್ನೊಂದು ಸಲಾಕೆಯನ್ನು ಬಿಗಿಯುವಾಗ ತೊಲೆಗೆ ತೂತು ಕೊರೆಯುವುದಾಗಲಿ ಬೆಸುಗೆ ಹಾಕುವುದಾಗಲಿ ಕ್ಷೇಮವಲ್ಲ. ತಿರುಚುವ ಉಕ್ಕು ತೂತಿನ ಅಂಚಿನಿಂದಲೇ ಬಿರುಕುಬಿಡಲು ತೊಡಗುತ್ತದೆ. ಪ್ರತ್ಯೇಕ ಸಲಾಕೆಯಿರುವ ಗಾಡಿಗಳಲ್ಲಿಯೂ ಅದನ್ನು ಹಿಡಿದಿರುವ ತಗಡಿನ ಪಟ್ಟಿಗಳೂ ಬೋಲ್ಟುಗಳೂ ಹಳೆಯ ಬಲಕ್ಕೆ ತಕ್ಕಂತೆ ಮಾಡಿದವು. ಬಿಗಿ ಇಮ್ಮಡಿಯಾದಾಗ ಅವೂ ಅದನ್ನು ತಾಳಬೇಕು. ಗಾಡಿಯ ವಾರಂಟಿಗೂ ವಿಮೆಗೂ ಇದರಿಂದ ತೊಂದರೆ ಬರುವುದೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಹಾಕುವುದೇ ನಿಶ್ಚಯವಾದರೆ ಹಂತಹಂತವಾಗಿ ಹೋಗಬೇಕು. ತೂತುಗಳಿರುವ ಸಲಾಕೆಯಾದರೆ ಮೆದುವಾದ ತೂತಿನಿಂದ ಆರಂಭಿಸಬೇಕು. ಗಾಡಿಯನ್ನು ಮಟ್ಟವಾದ ನೆಲದಲ್ಲಿ, ತನ್ನ ಚಕ್ರಗಳ ಮೇಲೆಯೇ ಭಾರವಿರುವಾಗ, ಕೊಂಡಿಗಳನ್ನು ಕೊನೆಯದಾಗಿ ಬಿಗಿಯಬೇಕು. ಇಲ್ಲದಿದ್ದರೆ ಸಲಾಕೆಯು ನಿಂತಾಗಲೇ ತಿರುಚಿಕೊಂಡು ಎಡಬಲಗಳ ಭಾರವನ್ನು ಏರುಪೇರು ಮಾಡೀತು. ಕೆಲವು ದಿನಗಳಾದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಬೇಕು. ಹೊಸ ಸ್ವಭಾವವನ್ನು ಜನಸಂಚಾರವಿಲ್ಲದ ವಿಶಾಲವಾದ ಬಯಲಿನಲ್ಲಿ, ಕಡಮೆ ವೇಗದಲ್ಲಿ, ಮೊದಲು ಒಬ್ಬನೇ ಕುಳಿತು, ಅನಂತರ ಹಿಂದಿನ ಆಸನದಲ್ಲಿಯೂ ಸಾಮಾನಿನ ಗೂಡಿನಲ್ಲಿಯೂ ಭಾರವನ್ನಿಟ್ಟು, ಅರಿತುಕೊಳ್ಳಬೇಕು. ಒಂಟಿಯಾಗಿ ಹೋಗುವಾಗಿನ ಗಾಡಿಯೂ ಐವರೊಡನೆ ಹೋಗುವಾಗಿನ ಗಾಡಿಯೂ ಒಂದೇ ಅಲ್ಲ. ಹಳ್ಳಕೊಳ್ಳದ ರಸ್ತೆಯಲ್ಲಿ ಒಂದು ಚಕ್ರ ಗುಂಡಿಗೆ ಬಿದ್ದಾಗ ಅದರ ಪೆಟ್ಟನ್ನು ದಪ್ಪಸಲಾಕೆಯು ಇನ್ನೊಂದು ಕಡೆಗೂ ಮುಟ್ಟಿಸುವುದರಿಂದ ಕೂತವರ ತಲೆ ಅತ್ತಿತ್ತ ತೂಗುತ್ತದೆ; ಈ ಅಸೌಖ್ಯಕ್ಕೂ ಸಿದ್ಧರಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಗಾಡಿಯನ್ನು ಮನೆಯಲ್ಲಿ ಬೇರೆ ಯಾರಾದರೂ ನಡೆಸುವುದಾದರೆ ಅವರಿಗೆ ಈ ಬದಲಾವಣೆಯನ್ನು ತಿಳಿಸಲೇಬೇಕು. ತಿರುವಿನ ನಡುವೆ ಕಾಲನ್ನು ತಟ್ಟನೆ ತೆಗೆಯುವುದು ಅವರ ಹಳೆಯ ಅಭ್ಯಾಸ. ಹಳೆಯ ಗಾಡಿ ಅದನ್ನು ಕ್ಷಮಿಸುತ್ತಿತ್ತು, ತಿದ್ದಿದ ಗಾಡಿ ಕ್ಷಮಿಸದೆ ಹೋಗಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಗಾಡಿಗೆ ಹಿಡಿತವನ್ನು ಕೊಡುವುದು ಟೈರು. ಸಲಾಕೆಯದು ಆ ಹಿಡಿತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಕೆಲಸ. ಕಾರ್ಖಾನೆಯವರು ಮಾಡಿದ ಹಂಚಿಕೆ ಎಲ್ಲ ಬಗೆಯ ಚಾಲಕರನ್ನೂ, ಎಲ್ಲ ಬಗೆಯ ರಸ್ತೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಆದುದರಿಂದ ಅದು ಸ್ವಲ್ಪ ಮಂದವಾಗಿ ತೋರುವುದು ಸಹಜ. ಅದನ್ನು ಬದಲಾಯಿಸುವ ಸ್ವಾತಂತ್ರ್ಯ ಗಾಡಿಯ ಯಜಮಾನನಿಗೆ ಉಂಟು. ಆದರೆ ಹಿಂದಿನ ಚಕ್ರಗಳಿಂದ ಎಷ್ಟನ್ನು ತೆಗೆದುಕೊಂಡೆವೆಂಬ ಲೆಕ್ಕವನ್ನು ಅವನು ಮಳೆಗಾಲ ಬರುವುದಕ್ಕೆ ಮೊದಲೇ ತಿಳಿದಿರಬೇಕು.